ಎನ್ನಿಗೂ ಡಿಗೂ ನಡುವೆ ನಿಂತ ಮುಳ್ಳು

ಹಳೆಯ ಅಮೆರಿಕನ್ ಪಿಕಪ್ ಟ್ರಕ್ಕುಗಳಿಗೆ ಬರುವ ಒಂದು ಕಾಯಿಲೆ ಎಷ್ಟು ಮಾಮೂಲಿನದೆಂದರೆ ಅದನ್ನು ಕಾಯಿಲೆ ಎಂದು ಯಾರೂ ಎಣಿಸುವುದೇ ಇಲ್ಲ. ಸ್ಟೀರಿಂಗಿನ ಬಲಕ್ಕೆ, ಕಾಲಮ್ಮಿನಿಂದಲೇ ಹೊರಟ ಉದ್ದನೆಯ ಗೇರ್ ಲಿವರ್. ಎದುರಿಗೆ, ಸ್ಪೀಡೋಮೀಟರಿನ ಕೆಳಗೆ, ಅಕ್ಷರಗಳ ಒಂದು ಸಾಲು: ಪಿ, ಆರ್, ಎನ್, ಸುತ್ತ ವೃತ್ತ ಹಾಕಿದ ಡಿ, ಬರಿಯ ಡಿ, ಆಮೇಲೆ 2, 1. ಆ ಸಾಲಿನ ಮುಂದೆ ಕೇಸರಿ ಬಣ್ಣದ ಸಣ್ಣದೊಂದು ಮುಳ್ಳು. ಲಿವರ್ ಎಳೆದರೆ ಮುಳ್ಳೂ ಸರಿಯಬೇಕು. ಕೈ ಡಿಗೆ ಹಾಕಿದ್ದರೆ ಮುಳ್ಳು ಡಿಯ ಎದುರು ನಿಲ್ಲಬೇಕು. ಹತ್ತಿಪ್ಪತ್ತು ವರ್ಷ ಸರಿಯಾಗಿಯೇ ನಿಲ್ಲುತ್ತದೆ. ಆಮೇಲೊಂದು ಚಳಿಗಾಲದಲ್ಲಿ ಎನ್ನಿಗೂ ಡಿಗೂ ನಡುವಿನ ಖಾಲಿ ಜಾಗದಲ್ಲಿ ನಿಂತುಬಿಡುತ್ತದೆ. ಗಾಡಿ ಮಾತ್ರ ಏನೂ ಆಗದವರ ಹಾಗೆ ಮುಂದಕ್ಕೆ ಹೋಗುತ್ತಿರುತ್ತದೆ.

ನಾನು ಮಿಶಿಗನ್ನಿನಲ್ಲಿ ಕೊಂಡ ಟ್ರಕ್ಕು ತೊಂಬತ್ತರ ದಶಕದ ಆರಂಭದ್ದು. ಮಾರಿದಾತ ಬಾಗಿಲಿಗೆ ಒರಗಿಕೊಂಡು ಸಿಗರೇಟಿನ ಬೂದಿ ಕೊಡವುತ್ತಾ, "ಮುಳ್ಳನ್ನು ನೋಡಬೇಡಿ, ಲಿವರಿನ ಕಟಕ್ ಕಟಕ್ ಎಣಿಸಿಕೊಳ್ಳಿ, ಸಾಕು" ಎಂದಿದ್ದ. ನಾನೂ ಎಣಿಸಿಕೊಂಡೇ ಓಡಿಸಿದೆ. ಮರದ ಹಲಗೆ, ಮಣ್ಣಿನ ಮೂಟೆ, ಗಣೇಶನ ಹಬ್ಬಕ್ಕೆ ಕನ್ನಡ ಕೂಟದ ದೊಡ್ಡ ಪಾತ್ರೆಗಳು, ಮಂಟಪ ಎಲ್ಲವೂ ಅದರ ಬೆನ್ನ ಮೇಲೆ ಓಡಾಡಿದವು. ಪಕ್ಕದಲ್ಲಿ ಕೂತ ನನ್ನ ಹೆಂಡತಿ ಮಾತ್ರ ಪ್ರತಿಸಲವೂ ಆ ಅಕ್ಷರಗಳ ಸಾಲಿನತ್ತ ಬಗ್ಗಿ ನೋಡಿ, "ಈಗ ಇದು ಯಾವ ಗೇರಿನಲ್ಲಿದೆ ರೀ?" ಎನ್ನುವಳು. ಡಿಯಲ್ಲಿದೆ ಎಂದರೆ, "ಅದು ಹಾಗೆ ಹೇಳ್ತಿಲ್ವಲ್ಲ" ಎನ್ನುವಳು. ಅವಳು ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವಳು. ಎರಡು ಪುಸ್ತಕ ಎರಡು ಮಾತು ಹೇಳಿದರೆ ಅವಳಿಗೆ ನಿದ್ದೆ ಬರುವುದಿಲ್ಲ.

ಅವಳ ಅನುಮಾನ ಸುಮ್ಮನೆ ಅಲ್ಲ. ವೃತ್ತ ಹಾಕಿದ ಡಿ ಎಂದರೆ ಓವರ್‌ಡ್ರೈವ್, ಹೆದ್ದಾರಿಯಲ್ಲಿ ಎಂಜಿನ್ ನಿಧಾನಕ್ಕೆ ತಿರುಗಿ ಪೆಟ್ರೋಲ್ ಉಳಿಸುವ ಗೇರು. ಹಿಂದೆ ಭಾರದ ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಅದನ್ನು ಬಿಟ್ಟು ಪಕ್ಕದ ಬರಿಯ ಡಿಗೆ ಬರಬೇಕು. ಇಲ್ಲದಿದ್ದರೆ ಗೇರ್‌ಬಾಕ್ಸ್ ಮೇಲಿನ ಗೇರಿಗೂ ಕೆಳಗಿನ ಗೇರಿಗೂ ಹೋಗಿ ಬಂದು ಹೋಗಿ ಬಂದು ಒಳಗಿನ ಎಣ್ಣೆ ಕಾದುಹೋಗುತ್ತದೆ. ಎರಡು ಡಿಗಳ ನಡುವೆ ಇರುವುದು ಬೆರಳಗಲದ ಅಂತರವೂ ಅಲ್ಲ. ಮುಳ್ಳು ಅರ್ಧ ಅಕ್ಷರ ಹಿಂದೆ ಬಿದ್ದರೆ ಯಾವ ಡಿಯಲ್ಲಿದ್ದೇವೆ ಎಂದು ತಿಳಿಯುವುದಿಲ್ಲ.

ಪಕ್ಕದ ಮನೆಯಲ್ಲೊಬ್ಬ ಮುದುಕರಿದ್ದರು. ದುಡಿಮೆಯ ವಯಸ್ಸನ್ನೆಲ್ಲ ಕಾರಿನ ಕಾರ್ಖಾನೆಯಲ್ಲಿ ಕಳೆದು ನಿವೃತ್ತರಾದವರು. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಗೋಡೆಯ ತುಂಬ ಸ್ಪ್ಯಾನರು, ಡಬ್ಬಿಗಳಲ್ಲಿ ಸ್ಕ್ರೂ, ಒಂದು ಹಳೆಯ ರೇಡಿಯೋ. ನಾನು ಬಾನೆಟ್ ಎತ್ತಿದರೆ ಸಾಕು, ಕಾಫಿ ಲೋಟ ಹಿಡಿದು ಬೇಲಿಯ ಬಳಿ ಬಂದು ನಿಲ್ಲುತ್ತಿದ್ದರು. ಕರೆಯುವವರೆಗೂ ಒಳಗೆ ಕಾಲಿಡುತ್ತಿರಲಿಲ್ಲ, ಕರೆದ ಮೇಲೆ ಹೋಗುತ್ತಲೂ ಇರಲಿಲ್ಲ. ಮುಳ್ಳಿನ ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಸುಳ್ಳು ಹೇಳುತ್ತಿರುವುದು ಮುಳ್ಳೋ, ಲಿವರೋ?"

ಈ ರಿಪೇರಿಯ ಬುದ್ಧಿಯೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಲಿವರಿನಿಂದ ಎರಡು ದಾರಿ ಹೊರಡುತ್ತವೆ. ಒಂದು, ಕಾಲಮ್ಮಿನೊಳಗಿನ ಕೊಳವೆಯ ಗುಂಟ ಕೆಳಗಿಳಿದು, ಅಲ್ಲಿಂದ ರಾಡ್ ಅಥವಾ ದಪ್ಪ ಕೇಬಲ್ ಹಿಡಿದು ಗೇರ್‌ಬಾಕ್ಸಿನ ಪಕ್ಕೆಯಲ್ಲಿರುವ ತೋಳಿಗೆ ಹೋಗುತ್ತದೆ. ಗಾಡಿ ಮುಂದೆ ಹೋಗುವುದೋ ಹಿಂದೆ ಹೋಗುವುದೋ ತೀರ್ಮಾನವಾಗುವುದು ಅಲ್ಲಿ. ಒಳಗೆ ಕಚ್ಚುಗಳಿರುವ ಒಂದು ತಗಡು, ಅದರ ಮೇಲೆ ಸ್ಪ್ರಿಂಗಿನ ಒತ್ತಡದಲ್ಲಿ ಒಂದು ಉರುಳೆ. ಉರುಳೆ ಒಂದೊಂದು ಕಚ್ಚಿಗೆ ಬಿದ್ದಾಗ ಕೈಗೆ ತಿಳಿಯುವುದೇ ಆ ‘ಕಟಕ್’. ಇನ್ನೊಂದು ದಾರಿ ಬಡಪಾಯಿಯದು. ಕಾಲಮ್ಮಿನ ಕುತ್ತಿಗೆಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕ್ಲಿಪ್ಪೊಂದರಿಂದ ತೆಳ್ಳನೆಯ ತಂತಿ ಹೊರಟು ಡ್ಯಾಶ್‌ಬೋರ್ಡಿನೊಳಗೆ ನುಗ್ಗಿ ಮುಳ್ಳನ್ನು ಎಳೆಯುತ್ತದೆ. ಆಚೆಯಿಂದ ಒಂದು ಸಣ್ಣ ಸ್ಪ್ರಿಂಗ್ ಮುಳ್ಳನ್ನು ತನ್ನ ಕಡೆ ಜಗ್ಗಿಕೊಂಡಿರುತ್ತದೆ. ಅಷ್ಟೇ. ಸೂತ್ರದ ಗೊಂಬೆಯಾಟದಲ್ಲಿ ಮೇಲೆ ಕೈ, ಕೆಳಗೆ ಗೊಂಬೆ, ನಡುವೆ ಒಂದು ದಾರ ಇರುವ ಹಾಗೆ. ಗೇರ್‌ಬಾಕ್ಸಿಗೂ ಮುಳ್ಳಿಗೂ ನೇರ ಮಾತುಕತೆಯೇ ಇಲ್ಲ. ಇಬ್ಬರಿಗೂ ಸುದ್ದಿ ಹೋಗುವುದು ಲಿವರಿನಿಂದ.

ಹಾಗಾಗಿ ಮೊದಲು ಪರೀಕ್ಷೆ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಪಾರ್ಕಿಂಗ್ ಬ್ರೇಕ್ ಒತ್ತಿ, ಇಗ್ನಿಷನ್ ಕೀ ತಿರುಗಿಸುವುದು. ಲಿವರ್ ಪಿಯಲ್ಲಿದ್ದಾಗ ಮತ್ತು ಎನ್ನಿನಲ್ಲಿದ್ದಾಗ ಮಾತ್ರ ಎಂಜಿನ್ ಹತ್ತಬೇಕು, ಉಳಿದ ಕಡೆ ಹತ್ತಬಾರದು. ಪ್ರತಿ ‘ಕಟಕ್’ಗೂ ಲಿವರ್ ನಿಂತ ಜಾಗಕ್ಕೂ ಹೊಂದಬೇಕು. ಆಮೇಲೆ ಅಡ್ಡ ತೆಗೆದು, ತುಸುವೇ ಇಳಿಜಾರಿನಲ್ಲಿ ಪಿಗೆ ಹಾಕಿ ಬ್ರೇಕ್ ಬಿಟ್ಟರೆ ಗಾಡಿ ಸ್ವಲ್ಪ ಜರುಗಿ ‘ಟಕ್’ ಎಂದು ನಿಲ್ಲಬೇಕು. ಗೇರ್‌ಬಾಕ್ಸಿನೊಳಗೆ ಉಕ್ಕಿನ ಕೊಕ್ಕೆಯೊಂದು ಹಲ್ಲಿನ ಗಾಲಿಗೆ ಕಚ್ಚಿಕೊಂಡ ಗುರುತು ಅದು. ಇದೆಲ್ಲ ಸರಿಯಿದ್ದರೆ ಲಿವರ್ ಸತ್ಯವಂತ, ಸುಳ್ಳುಗಾರ ಮುಳ್ಳು. ಸರಿಯಿಲ್ಲದಿದ್ದರೆ ಮುಳ್ಳಿಗೆ ಕೈ ಹಚ್ಚಲೇಬಾರದು. ಕೆಳಗಿನ ರಾಡಿನ ಬುಶ್ ಸವೆದಿರುತ್ತದೆ, ಗೇರ್‌ಬಾಕ್ಸ್ ಅರ್ಧ ಪಾರ್ಕಿನಲ್ಲಿ ನಿಂತಿರುತ್ತದೆ. ಆಗ ಮುಳ್ಳನ್ನು ತಿದ್ದಿ ಕೂರಿಸುವುದೆಂದರೆ ಜ್ವರ ಇಳಿಸದೆ ಥರ್ಮಾಮೀಟರ್ ತಿದ್ದಿದಂತೆ ಎಂದು ಮುದುಕರು ಗದರಿದರು. ನಾನಿನ್ನೂ ಸ್ಕ್ರೂಡ್ರೈವರನ್ನೇ ಮುಟ್ಟಿರಲಿಲ್ಲ. ಅವರು ಗದರಿದ್ದು ಬಹುಶಃ ಹಿಂದೆ ಕೆಲಸ ಕಲಿಸಿದ ಯಾರನ್ನೋ.

ನನ್ನ ಟ್ರಕ್ಕಿನ ಲಿವರ್ ಪಾಸಾಯಿತು. ತಪ್ಪೆಲ್ಲ ಮುಳ್ಳಿನ ದಾರದ್ದು.

ಕಾಲಮ್ಮಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಿಗೆ ಬಿಚ್ಚಿ, ಬ್ರೇಕ್ ಪೆಡಲ್ಲಿನ ಬುಡಕ್ಕೆ ತಲೆ ಹಾಕಿ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮೇಲೆ ನೋಡಿದಾಗ ಕಂಡದ್ದು ಇಷ್ಟು: ಹಳದಿಗಟ್ಟಿದ ಒಂದು ಪ್ಲಾಸ್ಟಿಕ್ ಚೂರು, ಅದರ ಹಲ್ಲಿನಲ್ಲಿ ಒಂದು ಸೀಳು, ಸೀಳಿನಿಂದ ಅರ್ಧ ಜಾರಿದ ತಂತಿಯ ತುದಿ. ಇಲ್ಲಿನ ಚಳಿಗೆ ಪ್ಲಾಸ್ಟಿಕ್ ಗಾಜಿನಂತೆ ಗಡುಸಾಗುತ್ತದೆ. ಯಾರೋ ಒಬ್ಬರು ಸೊನ್ನೆಗಿಂತ ಕೆಳಗಿನ ಬೆಳಗ್ಗೆ ಅವಸರಕ್ಕೆ ಲಿವರ್ ಜಗ್ಗಿರಬೇಕು. ಕ್ಲಿಪ್ ಬದಲಿಸಿ, ತಂತಿ ಸಿಕ್ಕಿಸಿ, ಮುಳ್ಳು ಡಿಯ ಎದುರು ಬರುವವರೆಗೆ ಕ್ಲಿಪ್ಪನ್ನು ಕೂದಲೆಳೆಯಷ್ಟು ಆಚೀಚೆ ಸರಿಸಬೇಕು. ಕೆಲವು ಗಾಡಿಗಳಲ್ಲಿ ಇದಕ್ಕೆಂದೇ ಒಂದು ಸ್ಕ್ರೂ ಇರುತ್ತದೆ, ಕೆಲವದರಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಗಾಲಿ. ನನ್ನದರಲ್ಲಿ ಕ್ಲಿಪ್ಪನ್ನೇ ಜಾರಿಸಬೇಕಿತ್ತು.

ಇಲ್ಲಿ ಒಂದು ಉಪಾಯವಿದೆ. ಹಳೆಯ ಗಾಡಿಯ ಲಿವರ್ ಕಚ್ಚಿನಲ್ಲಿ ಬಿದ್ದ ಮೇಲೂ ಒಂದಿಷ್ಟು ಅಲುಗಾಡುತ್ತದೆ. ಅದು ಮೇಲಿದ್ದಾಗ ಮುಳ್ಳು ಕೂರಿಸಿದರೆ, ಕೈಬಿಟ್ಟಾಗ ಮತ್ತೆ ತಪ್ಪುತ್ತದೆ. ಆದ್ದರಿಂದ ಲಿವರನ್ನು ಡಿಗೆ ಹಾಕಿ ಅದರ ತುದಿಗೆ ಒಂದು ತೂಕ ನೇತುಹಾಕಬೇಕು. ಲಿವರ್ ತನ್ನ ಕೊನೆಯ ತಡೆಗೆ ಒತ್ತಿಕೊಂಡು ಅಲುಗದೆ ನಿಲ್ಲುತ್ತದೆ. ಕಂಪನಿಗಳ ಕೈಪಿಡಿಗಳಲ್ಲೇ ಹಾಗೆ ಬರೆದಿರುತ್ತಿತ್ತು. ಮುದುಕರು ತೂಕ ಹುಡುಕಲು ತಮ್ಮ ಗ್ಯಾರೇಜಿಗೆ ಹೊರಟರು. ಅಷ್ಟರಲ್ಲಿ ನನ್ನ ಹೆಂಡತಿ ಅಡುಗೆಮನೆಯಿಂದ ರಾಗಿಹಿಟ್ಟಿನ ಚೀಲ ತಂದು ಅದರ ಕುಣಿಕೆಯನ್ನು ಲಿವರಿಗೆ ಸಿಕ್ಕಿಸಿದಳು. ಮುದುಕರು ಚೀಲ ಮುಟ್ಟಿ ನೋಡಿದರು, ಮೂಸಿ ನೋಡಿದರು. ಇದನ್ನು ತಿನ್ನುತ್ತೀರಾ ಎಂದು ಕೇಳಿದರು. ತಿಂದರೆ ನಿಮ್ಮಂಥ ಗಟ್ಟಿಮುಟ್ಟು ಮುದುಕರಾಗುತ್ತಾರೆ ಎಂದಳು ಅವಳು. ಮುಳ್ಳು ಡಿಯ ಹೊಟ್ಟೆಯ ನಡುವಿಗೆ ಬಂದು ನಿಂತಿತು. ಪಿಯಿಂದ ಒಂದರವರೆಗೆ, ಒಂದರಿಂದ ಪಿಯವರೆಗೆ ಎಳೆದು ನೋಡಿದೆವು. ಪ್ರತಿ ಅಕ್ಷರದ ಎದುರೂ ನಿಂತಿತು. ಖರ್ಚು ಕಾಫಿ ತಿಂಡಿಯಷ್ಟೂ ಆಗಲಿಲ್ಲ.

ಇಷ್ಟು ಚಿಕ್ಕ ಮುಳ್ಳಿಗೆ ಇಷ್ಟು ಮರ್ಯಾದೆ ಏಕೆ ಎಂದು ಕೇಳುವವರಿಗೆ ಆ ಅಕ್ಷರಗಳ ಸಾಲಿನ ಹಿಂದಿನ ಕತೆ ಗೊತ್ತಿರುವುದಿಲ್ಲ. 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಜನರಲ್ ಮೋಟರ್ಸ್ ‘ಹೈಡ್ರಾಮ್ಯಾಟಿಕ್’ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂದಿತು. ಅದರ ಸಾಲು ಈಗಿನಂತಿರಲಿಲ್ಲ: ಮೊದಲು ನ್ಯೂಟ್ರಲ್, ಆಮೇಲೆ ಮುಂದಕ್ಕೆ ಒಯ್ಯುವ ಜಾಗಗಳು, ಕೊನೆಗೆ ರಿವರ್ಸ್. ಪಾರ್ಕ್ ಎಂಬ ಜಾಗವೇ ಇಲ್ಲ. ಎಂಜಿನ್ ಆರಿಸಿ ಲಿವರನ್ನು ರಿವರ್ಸಿಗೆ ಹಾಕಿದರೆ ಗಾಡಿ ಕಚ್ಚಿಕೊಂಡು ನಿಲ್ಲುತ್ತಿತ್ತು. ಮುಂದಕ್ಕೆ ಒಯ್ಯುವ ಲೋ ಗೇರಿನ ಮಗ್ಗುಲಲ್ಲೇ ಹಿಂದಕ್ಕೆ ಒಯ್ಯುವ ರಿವರ್ಸ್. ಬೇರೆ ಕಂಪನಿಗಳ ಸಾಲು ಬೇರೆ. ಒಂದು ಕಾರಿನಿಂದ ಇಳಿದು ಇನ್ನೊಂದಕ್ಕೆ ಹತ್ತಿದವರ ಕೈ ಮೋಸಹೋಗುತ್ತಿತ್ತು. ಮುಂದೆ ಹೋಗಲೆಂದು ಎಳೆದ ಲಿವರ್ ಹಿಂದೆ ನಿಂತವರ ಮೇಲೆ ಗಾಡಿಯನ್ನು ಹಾಯಿಸುತ್ತಿತ್ತು. 1965ರಲ್ಲಿ ರಾಲ್ಫ್ ನೇಡರ್ ಕಾರು ಕಂಪನಿಗಳ ಮೇಲೆ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಈ ಅಕ್ಷರಗಳ ಅವಾಂತರವೂ ಒಂದು ದೋಷಾರೋಪ. 1968ರ ಜನವರಿಯಿಂದ ಅಮೆರಿಕದ ಸುರಕ್ಷತಾ ನಿಯಮ ಬಂತು: ಮುಂದಕ್ಕೂ ಹಿಂದಕ್ಕೂ ನಡುವೆ ನ್ಯೂಟ್ರಲ್ ಇರಲೇಬೇಕು, ಕಾಲಮ್ಮಿನ ಲಿವರಿನಲ್ಲಿ ಪಾರ್ಕ್ ಇದ್ದರೆ ಅದು ರಿವರ್ಸಿನ ಮಗ್ಗುಲಿಗೆ ತುದಿಯಲ್ಲಿರಬೇಕು, ಜಾಗಗಳ ಹೆಸರು ಚಾಲಕನಿಗೆ ಕಾಣುವಂತಿರಬೇಕು. ಪಿ, ಆರ್, ಎನ್, ಡಿ ಎಂದು ಇವತ್ತು ನಾವು ಕಣ್ಣುಮುಚ್ಚಿ ಹೇಳುವ ಸಾಲು ಗಟ್ಟಿಯಾದದ್ದು ಹೀಗೆ.

ನಡುವೆ ಬೇರೆ ಆಟಗಳೂ ಆದವು. 1956ರಿಂದ 1964ರವರೆಗೆ ಆಟೋಮ್ಯಾಟಿಕ್ ಕ್ರೈಸ್ಲರ್ ಕಾರುಗಳಲ್ಲಿ ಗೇರ್ ಲಿವರೇ ಇರಲಿಲ್ಲ. ಸ್ಟೀರಿಂಗಿನ ಎಡಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಸಾಲು ಗುಂಡಿಗಳು, ಒತ್ತಿದರೆ ಗೇರು. ಆಗಲೂ ಜನ ಇದೇ ಭವಿಷ್ಯ ಎಂದುಕೊಂಡರು. 1980ರಲ್ಲಿ ಇನ್ನೊಂದು ಪ್ರಕರಣ. ಪಾರ್ಕಿನಲ್ಲಿದೆ ಎಂದು ಬಿಟ್ಟು ಇಳಿದ ಗಾಡಿಗಳು ತಾವಾಗಿ ರಿವರ್ಸಿಗೆ ಜಾರಿ ಹಿಂದೆ ಹೋಗುತ್ತವೆ ಎಂಬ ದೂರುಗಳ ತನಿಖೆ ಮುಗಿಸಲು ಫೋರ್ಡ್ ಕಂಪನಿ ಸರ್ಕಾರದೊಂದಿಗೆ ಒಪ್ಪಂದಕ್ಕೆ ಬಂತು. ಎರಡು ಕೋಟಿಗೂ ಹೆಚ್ಚು ವಾಹನಗಳ ಮಾಲೀಕರಿಗೆ ಅಂಚೆಯಲ್ಲಿ ಎಚ್ಚರಿಕೆಯ ಚೀಟಿ ಕಳಿಸಿತು: ಲಿವರ್ ಪೂರ್ತಿ ಪಾರ್ಕಿಗೆ ಬಿದ್ದಿದೆಯೇ ನೋಡಿ, ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ ಇಳಿಯಿರಿ. ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಲೆಂದು ಕೊಟ್ಟ ಚೀಟಿ. ಗಾಡಿಗಳನ್ನು ಹಿಂದೆ ಕರೆಸಿ ತಿದ್ದುವ ಬದಲು ಚೀಟಿ ಕಳಿಸಿ ಕೈತೊಳೆದುಕೊಂಡರೆಂದು ಬೈದವರೂ ಇದ್ದರು. ಅವರು ಬೈದದ್ದು ತಪ್ಪೆಂದು ನನಗನ್ನಿಸುವುದಿಲ್ಲ. ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹಾಡುತ್ತಿಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಹಾಸನದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅಂಬಾಸಿಡರ್ ನೋಡಿ ಬೆಳೆದ ನನಗೆ ಕಾಲಮ್ಮಿನ ಗೇರ್ ಹೊಸದಲ್ಲ. ಅದಕ್ಕೆ ನಮ್ಮಲ್ಲಿ ‘ಹ್ಯಾಂಡ್ ಗೇರ್’ ಎನ್ನುತ್ತಿದ್ದರು. ಮಾರಿಸ್ ಆಕ್ಸ್‌ಫರ್ಡ್ ಎಂಬ ಇಂಗ್ಲಿಷ್ ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟರ್ಸ್ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿದ್ದ ಆ ಗಾಡಿಯಲ್ಲಿ ಅಕ್ಷರಗಳೂ ಇಲ್ಲ, ಮುಳ್ಳೂ ಇಲ್ಲ. ಗೇರ್ ಯಾವುದೆಂದು ತಿಳಿದಿದ್ದುದು ಡ್ರೈವರಿನ ಮೊಣಕೈಗೆ. ಮುಂದಿನ ಸೀಟಿನಲ್ಲಿ ಮೂರು ಜನ, ಅವರ ಮಡಿಲಲ್ಲಿ ಮಕ್ಕಳು. ನೆಲದಲ್ಲಿ ಗೇರ್ ಕಂಬ ಇಲ್ಲದ್ದರಿಂದಲೇ ಅಷ್ಟು ಜನ ಕೂರುತ್ತಿದ್ದರು. ಅಮೆರಿಕದ ಟ್ರಕ್ಕುಗಳು ಲಿವರನ್ನು ಕಾಲಮ್ಮಿನಲ್ಲೇ ಉಳಿಸಿಕೊಂಡದ್ದಕ್ಕೂ ಅದೇ ಕಾರಣ: ಬೆಂಚಿನಂಥ ಮುಂದಿನ ಸೀಟಿನಲ್ಲಿ ಗಂಡ, ಹೆಂಡತಿ, ನಡುವೆ ಮಗು ಅಥವಾ ನಾಯಿ.

ಆ ಹ್ಯಾಂಡ್ ಗೇರಿಗೂ ಅದರದೇ ಕಾಯಿಲೆಯಿತ್ತು. ಕಾಲಮ್ಮಿನ ಬುಡದಲ್ಲಿ ಎರಡು ರಾಡುಗಳು ಒಂದರ ಪಕ್ಕ ಒಂದು. ಬುಶ್ ಸವೆದರೆ ಒಂದು ಇನ್ನೊಂದಕ್ಕೆ ಸಿಕ್ಕಿಕೊಂಡು ಗೇರ್ ಅಲ್ಲೇ ಅಂಟಿಬಿಡುವುದು. ಸಕಲೇಶಪುರ ದಾಟಿ ಘಾಟಿಯ ತಿರುವಿನಲ್ಲಿ ಹಾಗಾದಾಗ ನಮ್ಮ ಡ್ರೈವರ್ ಸಾಬರು ಬೇಸರವನ್ನೂ ಮಾಡಿಕೊಳ್ಳದೆ, "ಎಲ್ಲರೂ ಕೂತಿರಿ, ಇಳೀಬೇಡಿ" ಎಂದು, ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಕೈಯನ್ನು ಭುಜದವರೆಗೂ ಒಳಗೆ ತೂರಿಸಿ ರಾಡನ್ನು ಒಮ್ಮೆ ಮೇಲಕ್ಕೆ ತಟ್ಟುವರು. ‘ಟಣ್’ ಎಂದರೆ ಬಿಟ್ಟುಕೊಂಡಿತು ಎಂದರ್ಥ. ಕೈಯನ್ನು ಹಳೆ ಬನಿಯನ್ನಿಗೆ ಒರೆಸಿಕೊಂಡು ಮತ್ತೆ ಹೊರಡುವರು. ನಮ್ಮಪ್ಪ, "ಏನಾಗಿತ್ತು ಸಾಬ್ರೇ?" ಎಂದರೆ, "ಏನಿಲ್ಲ ಸ್ವಾಮಿ, ಸ್ವಲ್ಪ ಮುನಿಸಿಕೊಂಡಿತ್ತು" ಎನ್ನುವರು. ಆ ಕಾರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಅದೇ ಹ್ಯಾಂಡ್ ಗೇರಿನ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ಹೊರಟುಹೋದವು.

ಸಾಬರಿಗೂ ಮಿಶಿಗನ್ನಿನ ಮುದುಕರಿಗೂ ಒಂದೇ ಜಾತಿ ಎಂದು ನನಗೆ ಆಮೇಲೆ ಹೊಳೆಯಿತು. ಗಾಡಿ ಏನು ಹೇಳುತ್ತಿದೆ ಎಂಬುದಕ್ಕಿಂತ, ಅದು ಹೇಳುವುದು ಯಾವ ದಾರಿಯಿಂದ ಬರುತ್ತಿದೆ ಎಂದು ಹುಡುಕಿಕೊಂಡು ಹೋಗುವ ಜಾತಿ. ಕೈಯಿಂದ ಹೊರಟ ಎಳೆತ ಎಲ್ಲಿ ತಿರುಗಿತು, ಎಲ್ಲಿ ಸಡಿಲವಾಯಿತು, ಎಲ್ಲಿ ಜಾರಿತು ಎಂದು ಬೆರಳಿಟ್ಟು ತೋರಿಸಬಲ್ಲವರು. ಮುಳ್ಳು ತಪ್ಪಿದರೆ ಅದರ ತಪ್ಪನ್ನು ಕಣ್ಣಾರೆ ಕಾಣಬಹುದಿತ್ತು. ಟಾರ್ಚ್ ಹಿಡಿದು ಮಲಗಿದರೆ ಸಾಕಿತ್ತು.

ಈಗಿನ ಬಹುಪಾಲು ಟ್ರಕ್ಕುಗಳಲ್ಲಿ ಆ ದಾರಿಯೇ ಇಲ್ಲ. 2013ರ ಮಾದರಿಯ ರ‍್ಯಾಮ್ ಟ್ರಕ್ಕಿನಲ್ಲಿ ಲಿವರಿನ ಜಾಗಕ್ಕೆ ರೇಡಿಯೋ ತಿರುಪಿನಂಥ ದುಂಡನೆಯ ಗುಬುಟು ಬಂತು. ಅದನ್ನು ತಿರುಗಿಸಿದರೆ ಏನನ್ನೂ ಎಳೆದಂತಾಗುವುದಿಲ್ಲ. ಗುಬುಟು ಒಂದು ಕೋರಿಕೆ ಕಳಿಸುತ್ತದೆ, ಕಂಪ್ಯೂಟರ್ ಒಪ್ಪಿದರೆ ಗೇರ್ ಬೀಳುತ್ತದೆ, ಪರದೆಯ ಮೇಲೆ ಅಕ್ಷರ ಹೊಳೆಯುತ್ತದೆ. ಕೆಲವು ಹೊಸ ಟೆಸ್ಲಾಗಳಲ್ಲಂತೂ ಮುಂದೆ ಹಿಂದೆ ಎನ್ನುವುದನ್ನು ಪರದೆಯ ಮೇಲೆ ಬೆರಳು ಸವರಿ ಹೇಳಬೇಕು. ಕಾಲಮ್ಮಿನ ಲಿವರ್ ಕೆಲವು ಗಾಡಿಗಳಲ್ಲಿ ಉಳಿದಿದೆಯಾದರೂ ಹಲವದರಲ್ಲಿ ಅದರ ಬೆನ್ನಿಗೆ ರಾಡೂ ಇಲ್ಲ, ತಂತಿಯೂ ಇಲ್ಲ, ಬರೀ ವಿದ್ಯುತ್ ಸಂಕೇತ. ಅರ್ಧ ಅಕ್ಷರ ಹಿಂದೆ ಬೀಳುವ ಪ್ರಶ್ನೆಯೇ ಇಲ್ಲ. ಬಾಗಿಲು ತೆಗೆದು ಇಳಿಯಹೊರಟರೆ ತಾನೇ ಪಾರ್ಕಿಗೆ ಬೀಳುವ ಗಾಡಿಗಳೂ ಇವೆ. ಎಷ್ಟೋ ಜೀವ ಇದರಿಂದ ಉಳಿದಿರಬೇಕು.

ಆದರೆ ಕೈಗೆ ಗೊತ್ತಾಗದ್ದು ಕಣ್ಣಿಗೂ ಗೊತ್ತಾಗದೆ ಹೋಗುವುದುಂಟು. ಫಿಯಟ್ ಕ್ರೈಸ್ಲರ್ ಕಂಪನಿ ಕೆಲವು ಕಾರುಗಳಲ್ಲಿ, ಎತ್ತ ದೂಡಿದರೂ ಮತ್ತೆ ನಡುವಿಗೇ ಬಂದು ನಿಲ್ಲುವ ಎಲೆಕ್ಟ್ರಾನಿಕ್ ಲಿವರ್ ಇಟ್ಟಿತ್ತು. ಯಾವ ಗೇರಿನಲ್ಲಿ ಬಿಟ್ಟೆವೆಂದು ಲಿವರ್ ನೋಡಿದರೆ ತಿಳಿಯುತ್ತಿರಲಿಲ್ಲ. ಪಾರ್ಕಿಗೆ ಹಾಕಿದೆವೆಂದು ಇಳಿದವರ ಹಿಂದೆ ಗಾಡಿ ಉರುಳತೊಡಗಿತು. 2016ರಲ್ಲಿ 11 ಲಕ್ಷದಷ್ಟು ವಾಹನಗಳನ್ನು ತಿದ್ದುಪಡಿಗೆ ಹಿಂದೆ ಕರೆಸಬೇಕಾಯಿತು. ಅದೇ ವರ್ಷದ ಜೂನಿನಲ್ಲಿ ಆಂಟನ್ ಯೆಲ್ಚಿನ್ ಎಂಬ ಯುವ ನಟ ತನ್ನ ಮನೆಯ ಇಳಿಜಾರಿನಲ್ಲಿ, ಹಾಗೆ ಉರುಳಿ ಬಂದ ತನ್ನದೇ ಜೀಪಿಗೆ ಸಿಕ್ಕಿ ಸತ್ತ. ಹುಡುಗನಿಗೆ ಇಪ್ಪತ್ತೇಳು ವರ್ಷ.

ರಿಪೇರಿಯ ಜಗತ್ತೂ ಜೊತೆಗೇ ಕರಗುತ್ತಿದೆ. ಕ್ಲಿಪ್ಪಿಗಾಗಿ ನಾನು ಮೊದಲು ಹೋದದ್ದು ಗುಜರಿಗೆ. ಇಲ್ಲಿನ ಗುಜರಿಗಳಲ್ಲಿ ಬಾಗಿಲಲ್ಲಿ ಚಿಲ್ಲರೆ ಕಾಸು ಕೊಟ್ಟು, ನಮ್ಮದೇ ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಒಳಗೆ ಹೋಗಿ ಬೇಕಾದ್ದನ್ನು ಬಿಚ್ಚಿಕೊಳ್ಳುವ ಪದ್ಧತಿ ಇದೆ. ಸಾಲು ಸಾಲು ಟ್ರಕ್ಕುಗಳು ಚಕ್ರ ಕಳೆದುಕೊಂಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿರುತ್ತವೆ. ಮೈಯೆಲ್ಲ ತುಕ್ಕು, ಯಾಕೆಂದರೆ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ತಗಡನ್ನು ತಿಂದುಹಾಕುತ್ತದೆ. (ಕಾರಿನ ರಾಜಧಾನಿ ಎನಿಸಿಕೊಂಡ ಡೆಟ್ರಾಯಿಟ್ ನಗರದ ಅಡಿಯಲ್ಲೇ ದೊಡ್ಡ ಉಪ್ಪಿನ ಗಣಿ ಇದೆ. ಮೇಲೆ ಕಾರು ಮಾಡುವುದು, ಕೆಳಗೆ ಅದನ್ನು ತಿನ್ನುವ ಉಪ್ಪು ತೋಡುವುದು. ಊರಿನ ವ್ಯವಹಾರ ಚೆನ್ನಾಗಿದೆ.) ಆ ದಿನ ನನ್ನ ಮಾದರಿಯ ಗಾಡಿಗಳು ಬೇಕಾದಷ್ಟಿದ್ದವು, ಒಂದೊಂದರ ಕಾಲಮ್ಮಿನಡಿ ಇಣುಕುತ್ತಾ ಹೋದೆ. ಬಹುಪಾಲು ಕ್ಲಿಪ್ಪುಗಳು ಮುರಿದಿದ್ದವು. ಒಂದು ಟ್ರಕ್ಕಿನ ಮುಳ್ಳು ಮಾತ್ರ ಸರಿಯಾಗಿ ಪಿಯ ಎದುರೇ ನಿಂತಿತ್ತು, ಅದರ ಕ್ಲಿಪ್ಪೂ ಗಟ್ಟಿ. ಇನ್ನೊಂದು ಅಂಥದೇ ಸಿಕ್ಕಿತು, ಎರಡನ್ನೂ ಬಿಚ್ಚಿಕೊಂಡೆ. ಈಗ ಹೋದರೆ ಆ ಸಾಲುಗಳಲ್ಲಿ ಇರುವುದು ಹೊಸ ಸಹಸ್ರಮಾನದ ಗಾಡಿಗಳು; ನನ್ನದರ ಓರಗೆಯವೆಲ್ಲ ಚಪ್ಪಟೆಯಾಗಿ ಕಬ್ಬಿಣದ ಕುಲುಮೆಗೆ ಹೋಗಿವೆ.

ಬಿಡಿಭಾಗದ ಅಂಗಡಿಯ ಕೌಂಟರಿನಲ್ಲಿ, ಮುರಿದ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ "ಓಹೋ, ಇದಾ" ಎನ್ನುವವರು ಇರುತ್ತಿದ್ದರು. ಈಗಿನ ಹುಡುಗರು ವಿನಯವಾಗಿಯೇ ಗಾಡಿಯ ನಂಬರ್ ಕೇಳುತ್ತಾರೆ, ಕಂಪ್ಯೂಟರಿನಲ್ಲಿ ಕುಟ್ಟುತ್ತಾರೆ, ಇಲ್ಲ ಎನ್ನುತ್ತಾರೆ. ಎಣ್ಣೆಯ ಬೆರಳಚ್ಚು ಬಿದ್ದ ಪುಟಗಳ ರಿಪೇರಿ ಕೈಪಿಡಿಗಳೂ ಹಾಗೆಯೇ. 1966ರಿಂದ ಕಾರಿಗೊಂದರಂತೆ ಕೈಪಿಡಿ ಅಚ್ಚುಹಾಕಿದ ಇಂಗ್ಲೆಂಡಿನ ಹೇನ್ಸ್ ಸಂಸ್ಥೆ, ಹೊಸ ಮಾದರಿಗಳಿಗೆ ಇನ್ನು ಮುದ್ರಿತ ಪುಸ್ತಕ ತರುವುದಿಲ್ಲವೆಂದು 2020ರಲ್ಲಿ ಹೇಳಿಬಿಟ್ಟಿತು. ಗಾಡಿಯೊಂದನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಹಂತಹಂತಕ್ಕೂ ಫೋಟೋ ಹಾಕಿ ಬರೆದ ಪುಸ್ತಕಗಳು ಅವು. ನನ್ನ ಟ್ರಕ್ಕಿನ ಕೈಪಿಡಿಯನ್ನು ನಾನು ಕೊಂಡದ್ದು ಪಕ್ಕದ ಮನೆಯ ಗ್ಯಾರೇಜ್ ಸೇಲಿನಲ್ಲಿ. ಮುದುಕರು ತೀರಿಹೋದ ಬೇಸಿಗೆ ಅದು. ಮಗಳು ದೂರದೂರಿನಿಂದ ಬಂದು ಎಲ್ಲದಕ್ಕೂ ಬೆಲೆಯ ಚೀಟಿ ಅಂಟಿಸಿದ್ದಳು. ಸ್ಪ್ಯಾನರುಗಳನ್ನು ಯಾರೋ ಒಟ್ಟಿಗೆ ಎತ್ತಿಕೊಂಡು ಹೋದರು. ಸ್ಕ್ರೂ ಡಬ್ಬಿಗಳನ್ನು ಕೇಳುವವರಿರಲಿಲ್ಲ. ಹಾಗೇ ತೆಗೆದುಕೊಂಡು ಹೋಗಿ ಎಂದಳು. ಒಂದೊಂದರ ಮೇಲೂ ಅವರ ಕೈಬರಹದಲ್ಲಿ ಅಳತೆ ಬರೆದಿತ್ತು. ಒಂದರ ಮೇಲೆ ಮಾತ್ರ ‘ಯಾವುದರದೋ’ ಎಂದಿತ್ತು, ಅದೇ ಎಲ್ಲಕ್ಕಿಂತ ತುಂಬಿತ್ತು.

ಟ್ರಕ್ಕನ್ನು ಕೊಡಬೇಕೆಂದು ಈಚೆಗೆ ಕನ್ನಡ ಕೂಟದಲ್ಲಿ ಹೇಳಿದ್ದೆ. ಹುಬ್ಬಳ್ಳಿಯ ಹುಡುಗನೊಬ್ಬ ನೋಡಲು ಬಂದ. ಕಾರಿನ ಕಂಪನಿಗಳಿಗೆ ಇದೇ ಗೇರ್ ಗುಬುಟಿನ ತಂತ್ರಾಂಶ ಬರೆಯುವ ಕೆಲಸ ಅವನದು. ಅವನ ತಂಡದ ಅರ್ಧ ಬೆಂಗಳೂರಿನಲ್ಲಿದೆ. ಲಿವರ್ ಎಳೆದು, ಮುಳ್ಳು ಸರಿಯುವುದನ್ನು ನೋಡಿ, ಮತ್ತೆ ಎಳೆದು ನೋಡಿದ.

"ಸರ, ಇದು ಬರೇ ತಂತೀ ಮ್ಯಾಲೇ ನಡೀತೈತೇನ್ರಿ?"

"ಹೂಂ. ಒಂದು ತಂತಿ, ಒಂದು ಸ್ಪ್ರಿಂಗು."

"ತಂತಿ ಹರದ್ರ?"

"ಮುಳ್ಳು ಒಂದು ಮೂಲೆಗೆ ಹೋಗಿ ಕೂರತ್ತೆ. ಗಾಡಿ ಓಡ್ತಾ ಇರತ್ತೆ."

"ನಮ್ಮದರಾಗ ಹಂಗಿಲ್ರಿ. ಎರಡು ಸೆನ್ಸರ್ ಇರ್ತಾವು. ಒಂದು ಸುಳ್ಳು ಹೇಳಿದ್ರ ಇನ್ನೊಂದು ಹಿಡೀತೈತಿ. ಎರಡೂ ಜಗಳಾಡಿದ್ರ ದೀಪ ಹಚ್ಚಿ ಡ್ರೈವರಗ ಹೇಳತೈತಿ."

"ದೀಪ ಹತ್ತಿದ ಮೇಲೆ ಡ್ರೈವರ್ ಏನು ಮಾಡಬೇಕು?"

"ಡೀಲರ್ ಕಡೆ ಹೋಗಬೇಕ್ರಿ" ಎಂದು ಅವನೇ ನಕ್ಕ.

ಆಮೇಲೆ ಹೇಳದೆ ಕೇಳದೆ ಒಳ್ಳೆಯ ಅಂಗಿಯಲ್ಲೇ ಪೆಡಲ್ಲುಗಳ ಬುಡಕ್ಕೆ ತಲೆ ಹಾಕಿ ಮಲಗಿಬಿಟ್ಟ. ಮೊಬೈಲಿನ ಬೆಳಕು ಬಿಟ್ಟುಕೊಂಡು ಬಹಳ ಹೊತ್ತು ನೋಡಿದ. "ಲಿವರ್ ಸ್ವಲ್ಪ ಹಾಕ್ರಿ ಸರ... ಆರಿಗೆ... ಈಗ ಡಿಗೆ..." ಎಂದು ಕೆಳಗಿನಿಂದ ಹೇಳಿದಂತೆಲ್ಲ ನಾನು ಎಳೆದೆ. ಎದ್ದಾಗ ಬೆನ್ನ ಮೇಲೆ ಮ್ಯಾಟಿನ ಮಣ್ಣು. ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಗುಜರಿಯಿಂದ ತಂದ ಎರಡನೆಯ ಕ್ಲಿಪ್ ಇದೆ, ಅದು ಗಾಡಿಯ ಜೊತೆಗೇ ಬರುತ್ತದೆ ಎಂದೆ. ತೆಗೆದು ನೋಡಿ, ಉಗುರಿನಿಂದ ಹಲ್ಲುಗಳನ್ನು ಮೀಟಿ, "ಇದು ಕೆಟ್ಟರ ಮಕ್ಕಳೂ ರಿಪೇರಿ ಮಾಡಬಹುದಲ್ರಿ" ಎಂದ.

"ಅಂದ ಹಾಗೆ ಸರ, ಮೈಲೇಜ್ ಎಷ್ಟು ಕೊಡತೈತ್ರಿ?"

ಇದ್ದದ್ದು ಹೇಳಿದೆ: ಲೀಟರಿಗೆ ಐದೂವರೆ, ಹೆದ್ದಾರಿಯಲ್ಲಿ ಪುಣ್ಯವಿದ್ದರೆ ಆರೂವರೆ ಕಿಲೋಮೀಟರ್. ಹುಡುಗ ಅಂಗಿಯ ಮಣ್ಣು ಕೊಡವಿಕೊಂಡ, ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದ, ತಂತಿಯದೂ ಮುಳ್ಳಿನದೂ ಹತ್ತಾರು ಫೋಟೋ ತೆಗೆದುಕೊಂಡ. ಟ್ರಕ್ಕು ಬೇಡ ಎಂದ. ಕ್ಲಿಪ್ಪನ್ನು ಆಫೀಸಿನಲ್ಲಿ ತೋರಿಸಿ ವಾಪಸ್ ಕೊಡುತ್ತೇನೆಂದು ಜೇಬಿಗೆ ಹಾಕಿಕೊಂಡು ಹೋದ.